ಹಾಳೆ ತಿರುಗಿಸುವವರು

"ಇನ್ನೊಂದು ಚೂರು ಗೋಡೆ ಕಡೆ ತಳ್ಳಿ. ಪೆಟ್ಟಿಗೆ ಹೊರಗೆ ಹೋಗೋಕೆ ದಾರಿ ಬೇಡ್ವಾ?" ಎಂದು ಟೀಚರ ತಂಗಿ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು. ಮೂವರು ಪಿಯಾನೋಗೆ ಭುಜ ಕೊಟ್ಟಿದ್ದರು. ಟೀಚರ ಯಜಮಾನರೂ ನೆಪಕ್ಕೆ ಒಂದು ಕೈ ಹಚ್ಚಿ, ಮೂಲೆಗೆ ಹೋಗಿ ನಿಂತರು. ಮೊನ್ನೆ ಇದೇ ಪಿಯಾನೋ ಮುಂದೆ ಪಕ್ಕದ ಮನೆಯ ಮಗುವಿಗೆ ಪಾಠ ಹೇಳಿಕೊಟ್ಟು ಮಲಗಿದ ಟೀಚರು ಮತ್ತೆ ಏಳಲಿಲ್ಲ. ಈಗ ಕೋಣೆಯ ನಡುವೆ ಶವಪೆಟ್ಟಿಗೆಯಲ್ಲಿದ್ದರು.

"ಅಲ್ಲೇ ಇರಲಿ ಬಿಡಿ," ಎಂದಳು ಹಿರಿಯ ಶಿಷ್ಯೆ. ಟೀಚರು ಮೆಟ್ಟಿಲನ್ನೂ ಹತ್ತದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸುವವಳು. "ಹೊರಡೋ ಮುಂಚೆ ಟೀಚರಿಗೆ ಇಷ್ಟವಾದದ್ದು ಒಂದು ನುಡಿಸ್ತೀನಿ. ಅಂಕಲ್, ಸಂಗೀತದ ಹಾಳೆ ತಿರುಗಿಸಿಕೊಡ್ತೀರಾ?"

"ಅದೇನು ಕೇಳ್ತೀಯಮ್ಮ? ಮೂವತ್ತು ವರ್ಷ ಅಕ್ಕನ ಪಕ್ಕ ನಿಂತವರು. ಭಾವನಿಗೆ ಗೊತ್ತಿಲ್ಲದ್ದು ಯಾವುದಿದೆ?" ಎಂದರು ತಂಗಿ.

ಯಜಮಾನರು ಮೂಲೆಯಿಂದ ಪಿಯಾನೋ ಕಡೆ ನಡೆದರು. ಅವರಿಗೆ ಸಂಗೀತದ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ. ಹಾಳೆಯ ಮೇಲಿನ ಕಪ್ಪು ಚುಕ್ಕೆಗಳು ಅವರ ಪಾಲಿಗೆ ಕರೆಂಟು ತಂತಿಯ ಮೇಲೆ ಕೂತ ಕಾಗೆಗಳು, ಅಷ್ಟೇ.

*

ಮದುವೆಗೆ ಮುಂಚೆ ಅವರು ಸಭಾಂಗಣದ ದೀಪ, ಫ್ಯೂಸು ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್. ಒಂದು ಸಂಜೆ ಹಾಳೆ ತಿರುಗಿಸಬೇಕಾದವಳು ಜ್ವರ ಬಂದು ಕೈಕೊಟ್ಟಳು. ನುಡಿಸಬೇಕಿದ್ದ ಟೀಚರು ಏಣಿಯ ಮೇಲಿದ್ದ ಇವರನ್ನೇ ಕೆಳಗಿಳಿಸಿದರು.

"ನಂಗೆ ಇದರ ತಲೆಬುಡ ಗೊತ್ತಿಲ್ಲ, ಮೇಡಂ."

"ಗೊತ್ತಾಗೋದೂ ಬೇಡ. ನನ್ನ ಗದ್ದ ನೋಡ್ತಾ ಇರಿ. ಎತ್ತಿದರೆ ತಿರುಗಿಸಿ. ಮೊದಲು ಹೋಗಿ ಕೈ ತೊಳ್ಕೊಂಡು ಬನ್ನಿ."

ಮರುವರ್ಷ ಮದುವೆಯಾಯಿತು. ಕಾರ್ಯಕ್ರಮಗಳೆಲ್ಲ ಸಣ್ಣ ಊರುಗಳಲ್ಲಿ, ಅರ್ಧ ಖಾಲಿ ಕುರ್ಚಿಗಳ ಮುಂದೆ. ಪತ್ರಿಕೆಯೊಂದು ಒಮ್ಮೆ 'ಅಚ್ಚುಕಟ್ಟಾದ ವಾದನ' ಎಂದಷ್ಟೇ ಬರೆಯಿತು. ಆ ಹೊಗಳಿಕೆ ಟೀಚರನ್ನು ಬಹಳ ಕಾಲ ಚುಚ್ಚಿತು. ಬೆರಳು ಸೆಟೆದುಕೊಂಡ ಮೇಲೆ ಪಾಠವೇ ಹೊಟ್ಟೆಪಾಡಾಯಿತು. ಶಿಷ್ಯರು ಯಜಮಾನರನ್ನೂ ವಿದ್ವಾಂಸರೆಂದೇ ನಂಬಿ, ನುಡಿಸಿ ಮುಗಿಸಿ ಅವರ ಮುಖ ನೋಡುತ್ತಿದ್ದರು. ಅವರು ಗಂಭೀರವಾಗಿ "ಇನ್ನೂ ಪಳಗಬೇಕು" ಎನ್ನುತ್ತಿದ್ದರು. ಯಾವ ಕಾಲಕ್ಕೂ ಸುಳ್ಳಾಗದ ಮಾತು. ಟೀಚರು ಅಡುಗೆಮನೆಗೆ ಹೋಗಿ ನಗುತ್ತಿದ್ದರೇ ಹೊರತು ಗಂಡನ ಗುಟ್ಟು ಬಿಟ್ಟುಕೊಡಲಿಲ್ಲ.

*

ಶಿಷ್ಯೆ ನುಡಿಸತೊಡಗಿದಳು. ಯಜಮಾನರು ಪಕ್ಕದಲ್ಲಿ ನಿಂತು, ರೂಢಿಬಲದಿಂದ ಅವಳ ಗದ್ದ ನೋಡಿದರು. ಅದು ಅಲುಗಲೇ ಇಲ್ಲ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಇವತ್ತು, ಅದೂ ಹೆಂಡತಿಯ ಪೆಟ್ಟಿಗೆಯ ಎದುರಿಗೇ ಹೋಗುತ್ತದಲ್ಲ ಎನಿಸಿತು. ಅಂದಾಜಿನ ಮೇಲೆ ತಿರುಗಿಸಬಹುದಿತ್ತು. ತಪ್ಪಿದರೆ ಹೆಂಡತಿಗಾಗಿ ನುಡಿಸುತ್ತಿರುವುದೇ ಕೆಡುತ್ತದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನಂಗೆ ಇದು ಓದೋಕೆ ಬರಲ್ಲಮ್ಮ," ಎಂದರು. "ಯಾವತ್ತೂ ಬರ್ತಿರಲಿಲ್ಲ."

ಬಾಗಿಲಲ್ಲಿದ್ದ ತಂಗಿ ಎರಡು ಹೆಜ್ಜೆ ಒಳಗೆ ಬಂದು ಭಾವನನ್ನು ನೋಡಿದರು. ಶಿಷ್ಯೆಯ ಬೆರಳು ಮಾತ್ರ ನಿಲ್ಲಲಿಲ್ಲ.

"ನಂಗಿದು ಬಾಯಿಪಾಠ, ಅಂಕಲ್. ಮೂಲೇಲಿ ಒಬ್ಬರೇ ನಿಂತಿದ್ರಿ, ಅದಕ್ಕೇ ಕರೆದೆ. ಹೋಗಿ, ಕೂತ್ಕೊಂಡು ಕೇಳಿ."

ಕೇಳುವುದು. ಹಾಳೆ ಎಲ್ಲಿ ತಪ್ಪೀತೋ ಎಂಬ ದಿಗಿಲಿನಲ್ಲಿ, ಹೆಂಡತಿ ವೇದಿಕೆಯ ಮೇಲೆ ನುಡಿಸಿದ್ದನ್ನು ತಾವು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ದುಃಖ ಒತ್ತರಿಸಿ ಬಂತು.

ಒಂದು ಕುರ್ಚಿ ಎಳೆದು ಪೆಟ್ಟಿಗೆಗೆ ತಾಗುವಂತೆ ಹಾಕಿಕೊಂಡರು. ಗಂಡ ಹೆಂಡತಿ ಇಬ್ಬರೂ ಮೊದಲ ಸಲ, ಕೇಳುವವರ ಕಡೆ, ಅಕ್ಕಪಕ್ಕ ಇದ್ದರು.