ಚೊಂಬು ಕೆಳಗಿಡಿ, ತಲೆ ಹಿಡಿಯಿರಿ

ಹರದನಹಳ್ಳಿಯಲ್ಲಿ ಯಾರು ಬಿದ್ದರೂ ಮೊದಲು ಓಡಿ ಬರುವುದು ನೀರಿನ ಚೊಂಬು. ತೆಂಗಿನ ಮರದಿಂದ ಬಿದ್ದರೂ ಅದೇ, ಎತ್ತು ತಿವಿದರೂ ಅದೇ, ಬೈಕು ಜಾರಿ ರಸ್ತೆಗೆ ಉರುಳಿದರೂ ಅದೇ. ಕೈಗಿಬ್ಬರು ಕಾಲಿಗಿಬ್ಬರು ಹಿಡಿದು ಎತ್ತುತ್ತಾರೆ, ಐದನೆಯವರು ಬಾಯಿಗೆ ನೀರು ಬಿಡುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಕರುಣೆಯಿರುವ ಕೈ ತಾನಾಗಿಯೇ ಹಾಗೆ ಮಾಡುತ್ತದೆ.

ಅದೇ ಊರಿನ ನಾಗಮಣಿಯ ಅಣ್ಣ ಮಂಟೇಸ್ವಾಮಿಗೂ ಹಾಗೆಯೇ ಮಾಡಿದರು.

ಮಂಟೇಸ್ವಾಮಿ ಗುಂಡ್ಲುಪೇಟೆಯ ಟೈರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಇಪ್ಪತ್ತೇಳು ವರ್ಷ. ಅವನಿಗೂ ಅವನ ಗೆಳೆಯರಿಗೂ ಹಳೆಯ ಕಾರುಗಳ ಹುಚ್ಚು. ಮೆಕ್ಯಾನಿಕ್ ನಿಂಗರಾಜು, ಹಾಲಿನ ವ್ಯಾನು ಓಡಿಸುವವನು, ಒಬ್ಬ ಲೈನ್‌ಮನ್, ಹೀಗೆ ಒಂಬತ್ತು ಜನ ಸೇರಿ ಕರಿಕಲ್ಲು ಕಾರ್ ಕ್ಲಬ್ ಅಂತ ಕಟ್ಟಿಕೊಂಡಿದ್ದರು. ಉಮ್ಮತ್ತೂರಿನ ಆಚೆ, ಕೆಲಸ ನಿಂತುಹೋದ ಕ್ವಾರಿಯ ಪಕ್ಕ ನೆಲ ಮಟ್ಟ ಮಾಡಿ ಮಣ್ಣಿನ ಟ್ರ್ಯಾಕು ಹಾಕಿದ್ದರು. ಭಾನುವಾರ ಬಂತೆಂದರೆ ಅಲ್ಲಿ ಧೂಳೋ ಧೂಳು.

ಒಮ್ಮೆ ಅವನು ತಾಯಿ ಮರಿತಾಯಮ್ಮನವರನ್ನು ತನ್ನ ನೀಲಿ ಕಾರಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ಅವರದು ಒಂದೇ ಮಾತು, "ಮೆಲ್ಗೆ ಓಗ್ಲಾ." ಅವನದೂ ಒಂದೇ ಉತ್ತರ, "ಮೆಲ್ಗೆ ಓಗಕ್ಕೆ ಎತ್ತಿನ ಗಾಡಿ ತತ್ತೀನಿ ಬುಡವ್ವ." ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಿದಾಗಲೇ ತಾಯಿ ನೆಮ್ಮದಿಯ ಉಸಿರು ಬಿಟ್ಟದ್ದು.

ಆ ಭಾನುವಾರ ಮೂರನೆಯ ಸುತ್ತಿನಲ್ಲಿ ನೀಲಿ ಕಾರು ತಿರುವಿನ ದಿಬ್ಬ ಹತ್ತಿ ಎರಡು ಪಲ್ಟಿ ಹೊಡೆದು ನಿಂತಿತು. ಮಂಟೇಸ್ವಾಮಿ ಒಳಗೇ ಇದ್ದ. ಮಾತೂ ಆಡಿದ. "ಏನೂ ಆಗಿಲ್ಲ ಕಣ್ಲಾ, ಕುತ್ಗೆ ಒಂಚೂರು ನೋಯ್ತದೆ."

ಯಾರೋ 108ಕ್ಕೆ ಫೋನು ಮಾಡಿದರು, ಆಂಬುಲೆನ್ಸಿನವರು ಬರುತ್ತಿದ್ದೇವೆ ಅಂದರು. ಆದರೆ ಸುತ್ತ ನಿಂತಿದ್ದವರು ಜೋರಾಗಿ ಕಾರು ಓಡಿಸುವುದನ್ನೇ ದೊಡ್ಡದು ಅಂದುಕೊಂಡವರು. ಕಾಯುವುದು ಅವರಿಗೆ ಗೊತ್ತೇ ಇರಲಿಲ್ಲ. "ಆಂಬುಲೆನ್ಸಿಗಿಂತ ನನ್ ಕಾರು ಜೋರಾಗಿ ಓಯ್ತದೆ, ಎತ್ರಲಾ" ಅಂದ ನಿಂಗರಾಜು. ಹೆಲ್ಮೆಟ್ ಎಳೆದು ತೆಗೆದರು. ತೋಳು ಹಿಡಿದು ಕಿಟಕಿಯಿಂದ ಹೊರಗೆಳೆದರು. ಅಷ್ಟರಲ್ಲಿ ಅವನಿಗೆ ಪ್ರಜ್ಞೆ ತಪ್ಪುತ್ತಾ ಬಂತು; ನಿಂಗರಾಜು ಬಾಯಿಗೆ ನೀರು ಬಿಟ್ಟ. ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿಕೊಂಡು ಚಾಮರಾಜನಗರಕ್ಕೆ ಹಾರಿದರು. ಅಷ್ಟು ಬೇಗ ಆ ದಾರಿಯನ್ನು ಅವರಲ್ಲಿ ಯಾರೂ ಎಂದೂ ಮುಗಿಸಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾರಿನ ಬಾಗಿಲು ತೆಗೆದಾಗ ಮಂಟೇಸ್ವಾಮಿಯಲ್ಲಿ ಉಸಿರಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕ್ಲಬ್ಬಿನ ಎಂಟು ಜನ ಎಂಟು ಕಾರು ತಂದರು. ಎಂಜಿನ್ ಸದ್ದು ಕೇಳಿದರೆ ತಾಯಿ ಮಗ ಬಂದನೆಂದು ಬಾಗಿಲಿಗೆ ಓಡುತ್ತಾರೆಂದು ನಾಗಮಣಿ ಮೊದಲೇ ಹೇಳಿ ಕಳಿಸಿದ್ದಳು. ಹಾಗಾಗಿ ಬಸ್ ಸ್ಟಾಪಿನಲ್ಲೇ ಎಂಜಿನ್ ಆರಿಸಿ, ಒಂದೊಂದನ್ನೇ ಕೈಯಲ್ಲಿ ತಳ್ಳಿಕೊಂಡು ಬಂದು ಬೀದಿಯಲ್ಲಿ ಸಾಲಾಗಿ ನಿಲ್ಲಿಸಿದರು. ಮೊದಲ ಕಾರಿನ ಮುಂದೆ ಒಂದು ಕಾರಿನಷ್ಟು ಜಾಗ ಖಾಲಿ ಬಿಟ್ಟರು.

ಮರಿತಾಯಮ್ಮ ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ. "ನನ್ ಮಗ ಬಾಯಾರ್ಕೊಂಡು ಓಗ್ನಿಲ್ಲ ಕಣವ್ವ. ನಿಂಗರಾಜು ನೀರು ಬುಟ್ಟ. ಅಷ್ಟಾದ್ರೂ ಆಯ್ತಲ್ಲ."

ಆ ಮಾತು ಕೇಳಿದಾಗಲೆಲ್ಲ ನಿಂಗರಾಜು ತಲೆ ತಗ್ಗಿಸುತ್ತಿದ್ದ. ಕಾರಣ ನಾಗಮಣಿಗೆ ಗೊತ್ತಿತ್ತು. "ಹೆಲ್ಮೆಟ್ ತೆಗೆದದ್ದು ಯಾರು, ನೀರು ಕುಡಿಸಿದ್ದು ಯಾರು" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದನ್ನು ಅವನ ಜೊತೆ ಅವಳೂ ಕೇಳಿಸಿಕೊಂಡಿದ್ದಳು. ಡಿಗ್ರಿ ಮುಗಿಸಿದ ಹುಡುಗಿ, ಆದರೆ ನಾಲ್ಕು ಜನರ ಮುಂದೆ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ. ಅದಕ್ಕೂ ಮಿಗಿಲಾಗಿ, ತಾಯಿಗೆ ಉಳಿದಿರುವ ಆ ಒಂದು ಸಮಾಧಾನವನ್ನು ಕಿತ್ತುಕೊಳ್ಳುವುದು ಹೇಗೆ?

ಊಟದ ಹೊತ್ತು ಕಳೆದ ಮೇಲೆ ಒಬ್ಬ ಹೆಂಗಸು ಬಟ್ಟೆಯ ಚೀಲ ಹಿಡಿದು ಬಂದರು. ಹೆಸರು ನೀಲಾವತಿ, 108ರಲ್ಲಿ ನರ್ಸು.

"ಅವತ್ತು ಗಾಡೀಲಿ ಬಂದಿದ್ದು ನಾನೇ. ನಾವು ಬರೋ ಹೊತ್ಗೆ ಟ್ರ್ಯಾಕ್‌ನಲ್ಲಿ ಯಾರೂ ಇರ್ಲಿಲ್ಲ. ಪಲ್ಟಿಯಾದ ಕಾರಿನ ಪಕ್ಕ ಇದೊಂದು ಬಿದ್ದಿತ್ತು. ನಿಮಗೇ ಸೇರ್ಬೇಕು ಅನ್ನಿಸ್ತು."

ಚೀಲದಿಂದ ಹೆಲ್ಮೆಟ್ ತೆಗೆದರು. ಹಿಂದೆ ಬಿಳಿ ಬಣ್ಣದಲ್ಲಿ 'ಮಂಟ' ಎಂದು ಬರೆದಿತ್ತು. ಮರಿತಾಯಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು, ಕೂಸಿನ ತಲೆ ಸವರಿದಂತೆ ಸವರಿದರು.

ನಿಂಗರಾಜು ಮೆಲ್ಲಗೆ ಕೇಳಿದ. "ಸಿಸ್ಟರ್, ನಾವು ಕಾಯ್ಬೇಕಿತ್ತಾ?"

"ಕಾಯ್ಬೇಕಿತ್ತು" ಅಂದರು ನೀಲಾವತಿ.

ಎದುರು ಮನೆಯ ದೊಡ್ಡಬೀರಯ್ಯ ಜಗಲಿಯಿಂದಲೇ ಗೊಣಗಿದರು. "ಅದೆಂಗವ್ವ? ಕಣ್ಮುಂದೆ ಮನ್ಸ ಒದ್ದಾಡ್ತಿದ್ರೆ ಕೈ ಕಟ್ಕಂಡು ನಿಂತ್ಕಳದಾ? ನಾನು ಎಷ್ಟು ಜನಕ್ಕೆ ನೀರು ಕುಡ್ಸಿವ್ನಿ. ಎಲ್ಲಾ ಬದುಕವ್ರೆ."

"ನಿನ್ ಕೈ ನೀರು ಕುಡ್ದೂ ಬದುಕವ್ರೆ ಅಂದ್ರೆ ಗಟ್ಟಿ ಜನ ಬುಡು ಮಾವ" ಅಂದ ಹಾಲಿನ ವ್ಯಾನಿನವನು. ಯಾರೂ ಪೂರ್ತಿ ನಗಲಿಲ್ಲ.

ನೀಲಾವತಿ ದೊಡ್ಡಬೀರಯ್ಯನವರ ಕಡೆ ತಿರುಗಿದರು. "ಕೈ ಕಟ್ಕೊಂಡು ನಿಲ್ಲೋದಲ್ಲ ತಾತ, ಕೈಗೆ ಕೆಲ್ಸ ಅದೆ. ಬಾಳೆ ದಿಂಡು ಮುರಿದ್ರೂ ಒಳಗೆ ನಾರು ಹಿಡ್ಕೊಂಡಿರ್ತದಲ್ವಾ? ಎಳೆದ್ರೆ ತಾನೆ ಕಿತ್ತೋಗೋದು? ಕುತ್ತಿಗೇನೂ ಹಂಗೇ. ಮೂಳೆ ಮುರಿದಿದ್ರೂ ಒಳಗಿನ ನರ ಉಳ್ಕೊಂಡಿರಬೋದು. ನಾವು ಎಳೆದಾಡಿ ಮಡಚಿದ್ರೆ ಆ ಮೂಳೆನೇ ನರ ಕುಯ್ತದೆ. ಅದಕ್ಕೆ ಇದ್ದ ಜಾಗದಲ್ಲೇ ತಲೆ ಅಲ್ಲಾಡ್ದಂಗೆ ಹಿಡ್ಕೋಬೇಕು. ಹೆಲ್ಮೆಟ್ ಮುಟ್ಟಬಾರ್ದು, ನಾವು ಬಂದು ತೆಗೀತೀವಿ."

"ಬೆಂಕಿ ಅತ್ಕಂಡ್ರೆ?" ದೊಡ್ಡಬೀರಯ್ಯ ಬಿಡಲಿಲ್ಲ.

"ಬೆಂಕಿ ಹತ್ತಿದ್ರೆ, ಪೆಟ್ರೋಲ್ ಸೋರ್ತಿದ್ರೆ ಎಳೀಲೇಬೇಕು. ಆಗ್ಲೂ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೇಲಿ."

"ನೀರು?" ಅಂದರು ಮತ್ತೆ ದೊಡ್ಡಬೀರಯ್ಯ.

ನೀಲಾವತಿ ಉತ್ತರಿಸುವ ಮೊದಲೇ ಮರಿತಾಯಮ್ಮ ಹೆಲ್ಮೆಟ್ಟಿನಿಂದ ಕೈ ತೆಗೆದರು. ಅವರು ನೋಡಿದ್ದು ಮಗಳ ಮುಖವನ್ನು. "ನೀನು ಓದಿದವ್ಳು. ನೀನೇಳು ಕಣಮ್ಮಿ. ನೀರು ಬುಟ್ಟಿದ್ದೂ ತಪ್ಪಾ?"

ಅಂಗಳವೆಲ್ಲ ನಾಗಮಣಿಯನ್ನೇ ನೋಡಿತು. ಅವಳಿಗೆ ಸುಳ್ಳು ಹೇಳಬೇಕೆನಿಸಿತು. ಬಾಯಿಂದ ಬಂದದ್ದು ನಿಜ.

"ತಪ್ಪು ಕಣವ್ವ. ಪ್ರಜ್ಞೆ ಅರೆಬರೆ ಇದ್ದಾಗ ನೀರು ಹೊಟ್ಟೆಗೆ ಹೋಗಲ್ಲ, ಉಸಿರಿನ ದಾರಿಗೆ ಇಳೀತದೆ. ಗೊತ್ತಿದ್ರೆ ನಿಂಗರಾಜಣ್ಣ ಬುಡ್ತಿರ್ನಿಲ್ಲ. ಪ್ರೀತಿಲಿ ಬುಟ್ಟ."

ನಿಂಗರಾಜು ಮುಖ ಮುಚ್ಚಿಕೊಂಡ. "ಕಾದಿದ್ರೆ ಉಳೀತಿದ್ನಾ, ಸಿಸ್ಟರ್?"

"ಅದು ನಂಗೊತ್ತಿಲ್ಲಪ್ಪ. ಗೊತ್ತು ಅಂದ್ರೆ ಸುಳ್ಳಾಗ್ತದೆ" ಅಂದರು ನೀಲಾವತಿ.

ಆಮೇಲೆ ಮರಿತಾಯಮ್ಮ ಹೆಲ್ಮೆಟ್ಟನ್ನು ಮಗಳ ಕೈಗೆ ಕೊಟ್ಟು ಎದ್ದರು. ಅಂಗಳದ ಚಾಪೆಯ ಮೇಲೆ ಅಂಗಾತ ಮಲಗಿದರು.

"ಬಾ ನಿಂಗ. ನನ್ ತಲೆ ಇಡ್ಕೊ. ಆ ನರ್ಸವ್ವ ಯೇಳ್ಕೊಡ್ತದೆ, ಕಲ್ತ್ಕೊ."

"ಬ್ಯಾಡ ಕಣವ್ವ."

"ಬಾ ಅಂದ್ನಲ್ಲ. ನಾಳೆ ಇನ್ನೊಬ್ಬಳ ಮಗ ಬಿದ್ದಿರ್ತನೆ."

ನಿಂಗರಾಜು ಅವರ ತಲೆಯ ಹಿಂದೆ ಮಂಡಿಯೂರಿದ. ನೀಲಾವತಿ ಅವನ ಎರಡೂ ಅಂಗೈಗಳನ್ನು ತಾಯಿಯ ಎರಡೂ ಕಿವಿಗಳ ಪಕ್ಕಕ್ಕಿಟ್ಟರು. ಮೊಣಕೈ ನೆಲಕ್ಕೆ ಊರಿಸಿದರು. ಎಂಜಿನ್ ಬಿಚ್ಚಿ ಕಟ್ಟುವ ಗಟ್ಟಿ ಕೈಗಳು ಗಡಗಡ ನಡುಗುತ್ತಿದ್ದವು.

"ನಡುಗ್ಬ್ಯಾಡ ಕಣ್ಲಾ" ಅಂದರು ಮರಿತಾಯಮ್ಮ, ಕಣ್ಣು ಮುಚ್ಚಿಕೊಂಡೇ. "ಗಟ್ಟಿಯಾಗಿಡ್ಕೊ. ಮಾತಾಡ್ಸ್ತಾ ಇರು."

ನಿಂಗರಾಜು ಮಾತಾಡಿಸಿದ. "ಅವ್ವ, ಅಲ್ಲಾಡ್ಬ್ಯಾಡ. ಬತ್ತಾವ್ರೆ. ಈಗ ಬತ್ತಾವ್ರೆ." ಅವನ ಕಣ್ಣೀರು ಆಕೆಯ ಹಣೆಯ ಮೇಲೆ ಬಿತ್ತು. ಆಕೆ ಒರೆಸಿಕೊಳ್ಳಲಿಲ್ಲ. ತಲೆ ಅಲ್ಲಾಡಬಾರದಲ್ಲ.

ಅವನಾದ ಮೇಲೆ ಕ್ಲಬ್ಬಿನ ಉಳಿದ ಏಳು ಜನ ಒಬ್ಬೊಬ್ಬರಾಗಿ ಬಂದು ಕಲಿತರು. ಕೊನೆಗೆ ದೊಡ್ಡಬೀರಯ್ಯ ಜಗಲಿ ಇಳಿದು, "ನಂಗೂ ಒಸಿ ತೋರ್ಸವ್ವ" ಅಂದರು. ಆಂಬುಲೆನ್ಸ್ ನಿಲ್ಲಿಸಿಕೊಳ್ಳದೆ ಇನ್ನೆಂದೂ ಟ್ರ್ಯಾಕಿಗೆ ಕಾರು ಇಳಿಸುವುದಿಲ್ಲವೆಂದು ಕ್ಲಬ್ಬಿನವರು ಮಂಟೇಸ್ವಾಮಿಯ ಹೆಲ್ಮೆಟ್ ಮುಟ್ಟಿ ಹೇಳಿದರು. ಹೋಗುವಾಗಲೂ ಕಾರುಗಳನ್ನು ತಳ್ಳಿಕೊಂಡೇ ಹೋದರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನ ರಸ್ತೆಯಲ್ಲೂ ಯಾರಾದರೂ ಬೀಳಬಹುದು. ಮೊದಲು 108ಕ್ಕೆ ಫೋನು ಮಾಡಿ, ಜಾಗ ಸರಿಯಾಗಿ ಹೇಳಿ, ಅವರು ಹೇಳಿದಂತೆ ಮಾಡಿ. ಗಾಡಿಯ ಎಂಜಿನ್ ಆರಿಸಿ. ರಕ್ತ ಸುರಿಯುತ್ತಿದ್ದರೆ ಇನ್ನೊಬ್ಬರು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಲಿ. ಪೊಲೀಸು, ಕೋರ್ಟು ಎಂದು ಹಿಂಜರಿಯಬೇಡಿ; ನೆರವಾದವರನ್ನು ಕಾನೂನು ಕಾಯುತ್ತದೆ. ಬಿದ್ದವರನ್ನು ಎಳೆಯಬೇಡಿ, ಮಡಚಬೇಡಿ.

ಮತ್ತೆ ಆ ನೀರಿನ ಚೊಂಬನ್ನು ಕೆಳಗಿಡಿ. ತಲೆ ಹಿಡಿಯಲು ಎರಡೂ ಕೈ ಬೇಕು.