ದೊಡ್ಡ ಸೆನ್ಸರಿನಲ್ಲಿ ತಾತ

ಸಂಜೆಯೊಳಗೆ ನನ್ನ ಹಳೇ ಕ್ಯಾಮೆರಾ ಬದಲಿಗೆ ಕೊಟ್ಟುಬಿಟ್ಟರೆ, ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ ನನ್ನದು. ಬಳಸಿ ನೋಡು ಎಂದು ನಮ್ಮ ಬೀದಿಯ ಫೋಟೋ ಸ್ಟುಡಿಯೋ ಮಾವ ಅದನ್ನು ಬೆಳಿಗ್ಗೆಯೇ ಕೊಟ್ಟಿದ್ದರು. ಆಗಿನಿಂದ ಕೂತಲ್ಲಿ ಕೂರಲಾಗದೆ ನಲ್ಲಿ, ಬೆಕ್ಕು, ಚಪ್ಪಲಿ ಎಲ್ಲವನ್ನೂ ಕ್ಲಿಕ್ಕಿಸಿದೆ. ಕೊನೆಗೆ ಅಜ್ಜಿಯನ್ನು ಮುಂದೆ, ತಾತನನ್ನು ಹಿಂದೆ ಕೂರಿಸಿ ಎರಡೂ ಕ್ಯಾಮೆರಾದಲ್ಲಿ ಫೋಟೋ ತೆಗೆದು ತೋರಿಸಿದೆ.

"ಅಯ್ಯೋ, ಹೊಸದ್ರಲ್ಲಿ ನಿಮ್ಮ ತಾತ ಎಲ್ಲೇ?" ಎಂದರು ಅಜ್ಜಿ.

"ಹಿಂದೆ ಮಸುಕಾಗಿದ್ದಾರಲ್ಲ! ಸೆನ್ಸರ್ ದೊಡ್ಡದಾದ್ರೆ ಹಿಂದಿರೋದೆಲ್ಲ ಮಸುಕಾಗತ್ತೆ, ಅದೇ ಅಜ್ಜಿ ಇದರ ಮಜಾ!"

"ಕನ್ನಡಕ ತೆಗೆದ್ರೆ ನಂಗೆ ಪ್ರಪಂಚವೆಲ್ಲ ಹಿಂಗೇ ಮಜವಾಗಿ ಕಾಣತ್ತೆ ಪುಟ್ಟಿ," ಎಂದರು ತಾತ. "ಅದಕ್ಕೆ ಕ್ಯಾಮೆರಾ ಯಾಕೆ?"

ತಾತನೂ ಸ್ಪಷ್ಟವಾಗಿ ಕಾಣಲೆಂದು ಹೊಸದರ ಲೆನ್ಸಿನ ಬೆಳಕಿನ ಕಿಂಡಿ ಕಿರಿದು ಮಾಡಿ ಮತ್ತೆ ತೆಗೆದೆ. ಈಗ ಯಾವ ಫೋಟೋ ಯಾವ ಕ್ಯಾಮೆರಾದ್ದೆಂದು ನನಗೇ ಗೊತ್ತಾಗಲಿಲ್ಲ.

ಹಳೇದನ್ನು ಕೊರಳಿಗೆ ಹಾಕಿಕೊಂಡು, ಮನಸ್ಸು ಬದಲಾಗುವ ಮೊದಲೇ ದೊಡ್ಡದನ್ನು ವಾಪಸ್ ಕೊಡಲು ಓಡಿದೆ.