ಮದರ್‌ಬೋರ್ಡಿಗೆ ಬಂದ ಜ್ವರ

ಪೇಯ್‌ಚೆನ್ ಒಂದೂವರೆ ವರ್ಷ ಕಣ್ಣು ಕೆಡಿಸಿಕೊಂಡು ರೂಪಿಸಿದ ಸರ್ವರ್ ಮದರ್‌ಬೋರ್ಡು ಬೆಳಗಿನಿಂದ ಎರಡು ಸಲ ತಾನಾಗಿ ಆರಿಹೋಗಿತ್ತು. ಎರಡು ಪ್ರೊಸೆಸರು, ಮೂವತ್ತೆರಡು ಮೆಮೊರಿ ಪಟ್ಟಿ, ಯಾವುದರಲ್ಲೂ ಊನವಿಲ್ಲ. ಆರಿಸುತ್ತಿದ್ದುದು ಮೆಮೊರಿ ಸಾಲಿನ ಪಕ್ಕ ಅವಳೇ ಹಟ ಹಿಡಿದು ಕೂರಿಸಿದ ಸಾಸಿವೆ ಕಾಳಿನಂಥ ತಾಪದ ಸೆನ್ಸರು. ತೊಂಬತ್ತು ಡಿಗ್ರಿ ಮುಟ್ಟಿದರೆ ಅದು ಇಡೀ ಬೋರ್ಡಿನ ಕರೆಂಟು ಕಡಿಯುತ್ತಿತ್ತು.

"ನಿನ್ನ ಸೆನ್ಸರಿಗೆ ತಲೆ ಕೆಟ್ಟಿದೆ ಕಣಮ್ಮ," ಎಂದರು ತಾವ್‌ಯುವಾನ್ ಊರಿನ ಸರ್ವರ್ ಕಾರ್ಖಾನೆಯ ಪರೀಕ್ಷಾ ಕೊಠಡಿಯ ಮುಖ್ಯಸ್ಥ ಲೂ. "ಮೂರು ಗಂಟೆಗೆ ಗಿರಾಕಿ ಕಡೆಯಿಂದ ಫಾಂಗ್ ಮೇಡಂ ಬರ್ತಾರೆ. ಇನ್ನೊಂದ್ಸಲ ಆರಿದ್ರೆ ಅದನ್ನ ಬೋರ್ಡಿಂದಲೇ ಕಿತ್ತು ಹಾಕಿಸ್ತೀನಿ."

"ಅದು ಸುಳ್ಳು ಹೇಳಲ್ಲ ಲೂ ಅಣ್ಣ. ಒಳಗೆ ನಿಜವಾಗ್ಲೂ ಕಾಯ್ತಿದೆ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕಾಯೋಕೆ ಒಳಗೇನು ಒಲೆ ಹಚ್ಚಿದ್ದೀವಾ?"

ಪೇಯ್‌ಚೆನ್‌ಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಹೋದ ವರ್ಷ ಸುಟ್ಟು ಕರಕಲಾಗಿ ವಾಪಸು ಬಂದ ಬೋರ್ಡೊಂದನ್ನು ಕೈಯಲ್ಲಿ ಹಿಡಿದ ಮೇಲೆಯೇ ಅವಳು ಈ ಸೆನ್ಸರಿಗಾಗಿ ಎಲ್ಲರ ಜತೆ ಜಗಳ ಕಾದದ್ದು. ಮೂರನೆಯ ಸಲ ಬೋರ್ಡು ಚಾಲೂ ಮಾಡಿ, ಫ್ಯಾನು ನೋಡೋಣವೆಂದು ಅದನ್ನು ಕೂರಿಸಿದ್ದ ಸರ್ವರ್ ಯಂತ್ರದ ಮುಂದೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಯಂತ್ರದ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡದ ಕೊಠಡಿ ಈ ಸೀಮೆಯಲ್ಲೇ ಇಲ್ಲ. ಹಸಿರೇ ಆಗಬೇಕು, ಅವಧಿ ಮೀರಿರಬಾರದು, ಯಾರೂ ತಿನ್ನಬಾರದು. ಹಾಗಿದ್ದರೆ ಯಂತ್ರ ಹೇಳಿದ ಮಾತು ಕೇಳಿಕೊಂಡು ಬಿದ್ದಿರುತ್ತದೆಂದು ಇಲ್ಲಿನವರ ನಂಬಿಕೆ. ಆದರೆ ಇಡುವುದು ಮೇಲೆ ಸ್ವಾಮೀ, ಮೇಲೆ! ಗಿರಾಕಿ ಬರುವ ದಿನವೆಂದು ಲೂಗೆ ಭಕ್ತಿ ಉಕ್ಕಿ, ಎಲ್ಲಕ್ಕಿಂತ ದೊಡ್ಡ ಪೊಟ್ಟಣವನ್ನು ಯಂತ್ರದ ಮುಖಕ್ಕೇ ಟೇಪು ಹಚ್ಚಿ ಅಂಟಿಸಿಬಿಟ್ಟಿದ್ದರು. ಫ್ಯಾನುಗಳು ಅದನ್ನು ಜಾಲರಿಗೆ ಎಳೆದು ಕಚ್ಚಿಕೊಂಡಿದ್ದವು. ಗಾಳಿಗೆ ದಾರಿಯೆಲ್ಲಿ?

"ಅಣ್ಣ, ಇದನ್ನ ತೆಗೀಬೇಕು."

"ಅಯ್ಯೋ, ಮುಟ್ಟಬೇಡ! ಪರೀಕ್ಷೆ ಮಧ್ಯೆ ತೆಗೆದ್ರೆ ಕಟ್ಟಡದಲ್ಲಿರೋ ಯಂತ್ರವೆಲ್ಲ ಮುನಿಸ್ಕೊಳ್ಳುತ್ತೆ."

"ಅದಕ್ಕೆ ಉಸಿರು ಕಟ್ತಿದೆ! ನಿಮ್ಮ ಮೂಗಿಗೆ ಟೇಪು ಹಚ್ಚಿದ್ರೆ ಗೊತ್ತಾಗ್ತಿತ್ತು."

"ಹಾಗಾದ್ರೆ ದೇವರನ್ನೇ ಕೇಳೋಣ."

ಗುಡಿಯಲ್ಲಾದರೆ ಎಸೆದು ಕೇಳಲು ಅರ್ಧಚಂದ್ರದ ಮರದ ತುಂಡುಗಳಿರುತ್ತವೆ. ಲೂ ಮೇಜಿನ ಡಬ್ಬಿಯಿಂದ ಮದರ್‌ಬೋರ್ಡಿಗೆ ಹಾಕುವ ಎರಡು ಬಿಲ್ಲೆ ಬ್ಯಾಟರಿ ತೆಗೆದರು. ಒಂದು ಮೇಲ್ಮುಖ, ಇನ್ನೊಂದು ಕೆಳಮುಖ ಬಿದ್ದರೆ ಹೂಂ ಎಂದು ಅರ್ಥ. ಎಸೆದರೆ ಎರಡೂ ಮೇಲ್ಮುಖ. "ದೇವರು ನಗ್ತಿದ್ದಾನೆ," ಎಂದರು. ಮತ್ತೆ ಎಸೆದರೆ ಎರಡೂ ಕೆಳಮುಖ. "ಬೇಡವಂತೆ." ಪರದೆಯ ಮೇಲೆ ತಾಪ ಎಂಬತ್ತೇಳು, ಎಂಬತ್ತೆಂಟು. ಮೂರನೆಯ ಸಲ ಒಂದು ಬ್ಯಾಟರಿ ಮೇಲ್ಮುಖವಾಗಿ ಬಿತ್ತು, ಇನ್ನೊಂದು ಉರುಳಿಕೊಂಡು ಕಪಾಟಿನಡಿಗೆ ಹೋಯಿತು. ಲೂ ಬೋರಲು ಮಲಗಿ ಒಳಗೆ ತೆವಳಿದರು. ಹೊರಗೆ ಉಳಿದದ್ದು ಸೊಂಟದ ಕೆಳಗಿನ ಭಾಗ ಮಾತ್ರ.

ಎಂಬತ್ತೊಂಬತ್ತು. ಪೇಯ್‌ಚೆನ್ ಮನಸ್ಸಿನಲ್ಲೇ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಪೊಟ್ಟಣವನ್ನು ಕಿತ್ತು, ಎರಡೂ ಕೈಯಿಂದ ಯಂತ್ರದ ಮೇಲಿಟ್ಟಳು. ಫ್ಯಾನುಗಳು ಭರ್ರೆಂದವು.

ಎರಡು ನಿಮಿಷ ತಡಕಾಡಿದ ಮೇಲೆ ಕಪಾಟಿನಡಿಯಿಂದ ಕೂಗು ಬಂತು. "ಕೆಳಮುಖ! ಹೂಂ ಅಂದಿದೆ! ಎರಡು ನಲವತ್ತಮೂರು, ಬರ್ಕೋ! ತೆಗಿ, ತೆಗಿ!"

"ಆಯ್ತಣ್ಣ," ಎಂದಳು.

ಫಾಂಗ್ ಮೇಡಂ ಬಂದಾಗ ತಾಪ ಐವತ್ತೆರಡಕ್ಕಿಳಿದಿತ್ತು. ಅವರು ಬೋರ್ಡು ತಾನೇ ಬರೆದಿಟ್ಟುಕೊಂಡ ದಾಖಲೆಯ ಮೇಲೆ ಬೆರಳಿಟ್ಟರು. "ಎರಡು ನಲವತ್ತೊಂದಕ್ಕೆ ಒಮ್ಮೆಲೇ ಇಳಿದಿದೆಯಲ್ಲ, ಯಾಕೆ?"

"ನಲವತ್ತೊಂದಾ?" ಲೂ ಪೇಯ್‌ಚೆನ್‌ಳತ್ತ ತಿರುಗಿದರು. ಈಗ ಸೆನ್ಸರಿನ ಜತೆ ತನ್ನನ್ನೂ ಕಿತ್ತು ಹಾಕುತ್ತಾರೆ ಎಂದುಕೊಂಡಳು.

"ಗಾಳಿಗೆ ಪೊಟ್ಟಣ ಅಡ್ಡ ಇತ್ತು ಮೇಡಂ, ನಾನೇ ಕಿತ್ತೆ. ಅಣ್ಣ ದೇವರನ್ನ ಕೇಳ್ತಿದ್ರು. ನಾನು ಸೆನ್ಸರನ್ನ ಕೇಳ್ದೆ."

ಲೂ ಹಣೆಯ ಧೂಳು ಒರೆಸಿಕೊಂಡರು.

"ಅಡ್ಡ ಅಂಟಿಸಿದ ದಡ್ಡ ನಾನು ಮೇಡಂ," ಎಂದರು. "ಬೆಳಗ್ಗೆಯಿಂದ ಎರಡು ಸಲ ಬೋರ್ಡು ಸುಡದ ಹಾಗೆ ಕಾಪಾಡಿದ್ದು ಇವಳ ಸೆನ್ಸರು. ಅದನ್ನ ಇನ್ನು ಯಾರೂ ಕೀಳೋ ಹಾಗಿಲ್ಲ." ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಆದ್ರೂ ಎರಡು ನಿಮಿಷ ತಡ್ಕೊಳ್ಳೋಕಾಗ್ಲಿಲ್ವಾ ಮಾರಾಯ್ತಿ? ದೇವರೂ ಹೂಂ ಅಂದಿದ್ನಲ್ಲ!"